ಕಡಲ ಕರೆಯ ಶಾಲೆಯಲ್ಲಿ ಜೀವದಯೆಯ ಪಾಠ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಜಿನಬಿಂಬದ ಪ್ರತಿಷ್ಠೆ ನೆರವೇರುವ ಶುಭಸಂದರ್ಭದಲ್ಲಿ ಜೀವದಯೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಹಿಂದಿನಿಂದ ನಡೆದುಬಂದ ವಾಡಿಕೆ. ಆದರೆ ಜೈನರ ಸಭೆಯಲ್ಲಿ ಅಹಿಂಸೆಯ ಹಿರಿಮೆಯನ್ನು ವರ್ಣಿಸುವುದು ಕಡಲ ಕರೆಗೆ ಉಪ್ಪು ಹೊತ್ತುಕೊಂಡು ಹೋದಂತೆಯೇ ಸರಿ. ಆದ್ದರಿಂದ ಇಲ್ಲಿ ಎತ್ತಿಕೊಂಡಿರುವ ವಿಷಯ ಅಹಿಂಸೆಯ ಮಹಿಮೆಯಲ್ಲ. ಎಲ್ಲ ಜಾತಿಯ, ಎಲ್ಲ ಕಸುಬಿನ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವ ಶಾಲೆಯಲ್ಲಿ ಮನುಷ್ಯರ ಮೇಲೆ, ಮೂಕಪ್ರಾಣಿಗಳ ಮೇಲೆ, ನೆಲ ಜಲ ಮರಗಿಡಗಳ ಮೇಲೆ ದಯೆಯನ್ನು ಕಲಿಸುವ ಬಗೆ ಯಾವುದು ಎಂಬುದೇ ಇಲ್ಲಿಯ ಪ್ರಶ್ನೆ. ಈ ಪ್ರಶ್ನೆಯನ್ನು ಬೇರೆಲ್ಲಿಗಿಂತಲೂ ಮಲ್ಪೆಯಲ್ಲಿ ಕೇಳುವುದು ಕಷ್ಟ. ಆ ಕಾರಣದಿಂದಲೇ ಮಲ್ಪೆಯಲ್ಲಿ ಕೇಳತಕ್ಕದ್ದು.

ಮಲ್ಪೆ ಕರ್ನಾಟಕದ ಬಹುದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಅಲ್ಲಿಯ ಶಾಲೆಯ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಬಹುದು. ಒಬ್ಬನ ತಂದೆ ಆಳಕಡಲಿನ ದೋಣಿಯಲ್ಲಿ ಹೋಗಿ ವಾರಕ್ಕೂ ಮಿಕ್ಕಿ ದಿನಗಳಾಗಿವೆ. ಒಬ್ಬಳ ತಾಯಿ ನಸುಕಿನಲ್ಲಿ ಬುಟ್ಟಿ ಹೊತ್ತು ಬಂಗುಡೆ, ಬೂತಾಯಿ ಮಾರಲು ಉಡುಪಿಯ ಕಡೆಗೆ ಹೊರಟಿದ್ದಾಳೆ. ಇನ್ನೊಬ್ಬನ ಹೆತ್ತವರು ಘಟ್ಟದ ಮೇಲಿಂದ ಕೂಲಿಗೆಂದು ಬಂದು ಬಂದರಿನಲ್ಲಿ ಮೀನು ಆರಿಸುವವರು. ಇವರೆಲ್ಲರ ಎದುರಿಗೆ ಕನ್ನಡ ಪಂಡಿತರು ಗೋವಿನ ಹಾಡನ್ನು ರಾಗವಾಗಿ ಹಾಡಿ, ಪುಣ್ಯಕೋಟಿಯ ಸತ್ಯಸಂಧತೆಯನ್ನು ವಿವರಿಸುತ್ತಾರೆ. ಮಕ್ಕಳ ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಆ ಪಾಠ ಮುಗಿದಾಗ ಚುರುಕಾದ ಹುಡುಗನೊಬ್ಬ, ಹುಲಿಗೆ ಮತ್ತೆ ಊಟ ಯಾವುದು ಎಂದು ಕೇಳುವುದುಂಟು. ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಹುಡುಗನು ಉದ್ಧಟನೆಂದು ಬಗೆದು ಕುಳ್ಳಿರಿಸುವುದೇ ಹೆಚ್ಚು. ವಾಸ್ತವದಲ್ಲಿ ಅವನು ಕೇಳಿದ್ದು ಹುಲಿಯ ಊಟವನ್ನಲ್ಲ, ತನ್ನ ಮನೆಯ ಊಟವನ್ನು. ಜೀವವನ್ನು ಕೊಲ್ಲುವುದು ಪಾಪವಾದರೆ ತನ್ನ ತಂದೆ ಯಾರು, ತಾನು ಯಾರು ಎಂಬುದು ಅವನ ಪ್ರಶ್ನೆಯ ಒಳಗಿದೆ. ಜೀವದಯೆಯ ಪಾಠ ಈ ಪ್ರಶ್ನೆಯನ್ನು ದಾಟಿಕೊಂಡು ಹೋಗಲಾರದು.

ಶಾಸನದ ಮಟ್ಟದಲ್ಲಿ ಈ ಪಾಠಕ್ಕೆ ಯಾವ ಕೊರತೆಯೂ ಇಲ್ಲ. 1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯೂ ಸಕಲ ಜೀವಿಗಳಲ್ಲಿ ಅನುಕಂಪವೂ ಪ್ರತಿಯೊಬ್ಬ ನಾಗರಿಕನ ಹೊಣೆಯೆಂದು ವಿಧಿಸಲಾಗಿದೆ. ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆದೇಶವಿತ್ತು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಪಠ್ಯಪುಸ್ತಕಗಳಲ್ಲಿ ಅಧ್ಯಾಯಗಳು ಬಂದುವು, ಪ್ರಶ್ನೆಪತ್ರಿಕೆಯಲ್ಲಿ ಅಂಕಗಳೂ ಬಂದುವು. ಆದರೆ ಅಂಕಕ್ಕೆ ಸಿಕ್ಕಿದ್ದು ಮಾಹಿತಿ ಮಾತ್ರ. ಶೈಕ್ಷಣಿಕ ಪ್ರವಾಸದ ಮಕ್ಕಳು ಕಾರ್ಕಳದ ಬೆಟ್ಟವನ್ನೇರಿದಾಗ ಬಾಹುಬಲಿಯ ಎತ್ತರ 42 ಅಡಿ, ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ವರ್ಷ 1432 ಎಂದು ಬರೆದುಕೊಂಡು ಇಳಿಯುತ್ತಾರೆ. ಆ ಮೂರ್ತಿಯ ಕಾಲು ತೋಳುಗಳನ್ನು ಸುತ್ತಿ ಹಬ್ಬಿದ ಬಳ್ಳಿಯನ್ನು ತೋರಿಸಿ, ಇದನ್ನು ಈತ ಯಾಕೆ ಕಿತ್ತೆಸೆಯಲಿಲ್ಲ ಎಂದು ಕೇಳುವ ಉಪಾಧ್ಯಾಯರು ವಿರಳ. ಪರಿಸರ ಶಿಕ್ಷಣದ ಅತ್ಯಂತ ದೊಡ್ಡ ಪಾಠವೊಂದು ಕಲ್ಲಿನಲ್ಲಿ ಆರು ಶತಮಾನಗಳಿಂದ ನಿಂತಿದೆ, ಅದಕ್ಕೆ ಅಂಕವಿಲ್ಲ.

ಮಲ್ಪೆಯಂತಹ ಊರಿನಲ್ಲಿ ದಯೆಯನ್ನು ಬೋಧಿಸಹೊರಟವರು ಎರಡು ಬಗೆಯಲ್ಲಿ ಎಡವುತ್ತಾರೆ. ಒಂದು ಬಗೆಯವರು ಮೀನಿನ ಮಾತನ್ನೇ ಎತ್ತದೆ, ದಯೆ ಎಂದರೆ ಹಸು ಮತ್ತು ಪಾರಿವಾಳ ಎಂದು ಮುಗಿಸಿಬಿಡುತ್ತಾರೆ. ತನ್ನ ಊರಿನಲ್ಲಿ ದಿನವೂ ಕಾಣುವ ಜೀವಿಯನ್ನು ಪಾಠವು ಮುಟ್ಟುವುದೇ ಇಲ್ಲವೆಂದು ತಿಳಿದ ಮಗುವಿಗೆ ಪಾಠ ಹುಸಿಯೆಂದೇ ಅನ್ನಿಸುತ್ತದೆ. ಇನ್ನೊಂದು ಬಗೆಯವರು ಮೀನು ಹಿಡಿಯುವವನು ಪಾಪಿ ಎಂದು ನೇರವಾಗಿಯೋ ಮೂಗು ಮುರಿಯುವ ಮೂಲಕವೋ ಸೂಚಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಮಗುವನ್ನು ಹೆತ್ತವರ ಮುಂದೆ ನಾಚುವಂತೆ ಮಾಡುವ ದಯೆ ಯಾವ ದಯೆ? ಜೈನಶಾಸ್ತ್ರವು ಮೀನುಗಾರಿಕೆಯನ್ನು ಶ್ರಾವಕನಿಗೆ ಯೋಗ್ಯವಾದ ಜೀವಿಕೆಯೆಂದು ಎಲ್ಲಿಯೂ ಒಪ್ಪಿಲ್ಲ. ಈ ಮಾತನ್ನು ಮರೆಮಾಚುವುದು ಸಲ್ಲದು. ಆದರೆ ಮೀನುಗಾರನೊಡನೆ ಹೇಗೆ ಮಾತನಾಡಬೇಕೆಂಬುದನ್ನೂ ಅದೇ ಶಾಸ್ತ್ರಪರಂಪರೆ ಹೇಳಿಕೊಟ್ಟಿದೆ. ಅದು ಮೃಗಸೇನನ ಕಥೆ.

ಕ್ರಿ.ಶ. 10ನೆಯ ಶತಮಾನದ ಹರಿಷೇಣನ ಬೃಹತ್ಕಥಾಕೋಶದಲ್ಲಿಯೂ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ ಮುಗಿದ ಸೋಮದೇವಸೂರಿಯ ಯಶಸ್ತಿಲಕ ಚಂಪುವಿನಲ್ಲಿಯೂ ಈ ಕಥೆ ಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಆಚಾರ್ಯ ಜ್ಞಾನಸಾಗರರು ಇದನ್ನೇ ವಸ್ತುವಾಗಿಟ್ಟುಕೊಂಡು ದಯೋದಯವೆಂಬ ಸಂಸ್ಕೃತ ಚಂಪುವನ್ನು ರಚಿಸಿದರು. ಅವಂತಿದೇಶದ ಕ್ಷಿಪ್ರಾ ನದಿಯ ಸೀಮೆಯಲ್ಲಿ ಮೃಗಸೇನನೆಂಬ ಬೆಸ್ತನಿದ್ದನು. ಬಲೆ ಹೆಗಲಿಗೇರಿಸಿ ಹೊರಟ ದಿನ ದಾರಿಯಲ್ಲಿ ಒಬ್ಬ ಮುನಿಯ ದರ್ಶನವಾಯಿತು. ಬಲೆಯನ್ನು ಬದಿಗಿಟ್ಟು ಕೈಮುಗಿದು ತನಗೂ ಒಂದು ವ್ರತವನ್ನು ಕೊಡಬೇಕೆಂದು ಬೇಡಿದನು. ಮುನಿಯು ಆ ಬಲೆಯನ್ನು ಸುಟ್ಟುಬಿಡು ಎಂದು ಹೇಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ದಿನದ ಬಲೆಗೆ ಮೊದಲು ಬೀಳುವ ಮೀನನ್ನು ಕೊಲ್ಲದೆ ನೀರಿಗೆ ಬಿಟ್ಟುಬಿಡು, ಇಷ್ಟನ್ನು ನಡೆಸಿದರೆ ಸಾಕು ಎಂದನು. ಮೃಗಸೇನನು ಒಪ್ಪಿ ಹೊಳೆಗಿಳಿದನು. ಮೊದಲ ಬಲೆಗೆ ದೊಡ್ಡದೊಂದು ಮೀನು ಬಿತ್ತು. ಗುರುತು ಕಟ್ಟಿ ಬಿಟ್ಟನು. ಮತ್ತೆ ಬಲೆ ಬೀಸಿದಾಗ ಅದೇ ಮೀನು. ಹೀಗೆ ಐದು ಸಾರಿ ಅದೇ ಮೀನು ಸಿಕ್ಕಿತು, ಐದು ಸಾರಿಯೂ ಅವನು ಅದನ್ನು ಬಿಟ್ಟನು. ಬರಿಗೈಯಲ್ಲಿ ಮನೆಗೆ ಬಂದವನನ್ನು ಹೆಂಡತಿ ಬಾಗಿಲು ಹಾಕಿ ಹೊರಗೆ ನಿಲ್ಲಿಸಿದಳು. ಆ ರಾತ್ರಿ ಹೊರಗೆ ಮಲಗಿದ್ದಾಗ ಹಾವು ಕಚ್ಚಿ ಸತ್ತನು. ಮುಂದಿನ ಜನ್ಮದಲ್ಲಿ ಐದು ಸಾರಿ ಮರಣದ ಬಾಯಿಂದ ಪಾರಾದನು ಎಂಬುದು ಕಥೆಯ ಉತ್ತರಭಾಗ.

ಪುರಾಣಶ್ರವಣದಲ್ಲಿ ಈ ಕಥೆಯನ್ನು ಪುಣ್ಯಫಲದ ದೃಷ್ಟಾಂತವಾಗಿ ಹೇಳುವುದು ರೂಢಿ. ಆದರೆ ಉಪಾಧ್ಯಾಯನಾದವನು ಗಮನಿಸಬೇಕಾದ್ದು ಮುನಿಯ ಬೋಧನಕ್ರಮವನ್ನು. ಶಿಷ್ಯನು ಯಾವ ಮೆಟ್ಟಿಲಲ್ಲಿ ನಿಂತಿದ್ದಾನೋ ಅದರ ಮುಂದಿನ ಮೆಟ್ಟಿಲನ್ನು ಮಾತ್ರ ಆತ ತೋರಿಸಿದನು. ಕೊಟ್ಟ ವ್ರತ ಚಿಕ್ಕದು, ಆದರೆ ಅದು ಶಿಷ್ಯನ ಕೈಯಲ್ಲಿರುವ ಬಲೆಗೇ ಸಂಬಂಧಿಸಿದ್ದು; ಅದನ್ನು ನಡೆಸಲು ದಿನವೂ ಒಮ್ಮೆ ಮೀನಿನ ಮುಖವನ್ನು ನೋಡಲೇಬೇಕು. ರಾಶಿಯಾಗಿ ಕಾಣುತ್ತಿದ್ದ ಮೀನು ಅಂದಿನಿಂದ ಒಂದು ಮೀನಾಗಿ ಕಂಡಿತು. ಕಾಗೆಯ ಮಾಂಸವನ್ನು ಮಾತ್ರ ತೊರೆದ ಬೇಡ ಖದಿರಸಾರನ ಕಥೆಯಲ್ಲಿಯೂ ಇದೇ ಕ್ರಮವಿದೆ. ಮಹಾವ್ರತವನ್ನು ಮುನಿಗೆ, ಅಣುವ್ರತವನ್ನು ಗೃಹಸ್ಥನಿಗೆ ಎಂದು ವಿಂಗಡಿಸಿದ ಧರ್ಮವು, ಅಣುವ್ರತವೂ ಭಾರವಾದವನಿಗೆ ಅದಕ್ಕಿಂತ ಚಿಕ್ಕದನ್ನು ಕೊಡಲು ಹಿಂಜರಿಯಲಿಲ್ಲ.

ಅವರವರಿಗೆ ತಾಗುವ ಮಾತಿನಲ್ಲಿ ಹೇಳುವ ಈ ವಿವೇಕ ತುಳುನಾಡಿಗೆ ಹೊಸತೇನೂ ಅಲ್ಲ. ಮಲ್ಪೆಗೆ ಅನತಿದೂರದ ಕಾಪುವಿನಲ್ಲಿ ಧರ್ಮನಾಥ ಬಸದಿಗೆ ಮದ್ದ ಹೆಗ್ಗಡೆಯು ಭೂಮಿಯನ್ನು ದಾನವಿತ್ತ 1556ರ ತಾಮ್ರಶಾಸನವಿದೆ. ದಾನಕ್ಕೆ ತಪ್ಪಿದವನಿಗೆ ಬರುವ ಪಾಪವನ್ನು ಹೇಳುವಲ್ಲಿ ಆ ಶಾಸನವು ಜೈನನಿಗೆ ಜೈನಕ್ಷೇತ್ರಗಳನ್ನು, ಶೈವನಿಗೆ ಶೈವಕ್ಷೇತ್ರಗಳನ್ನು, ವೈಷ್ಣವನಿಗೆ ವೈಷ್ಣವಕ್ಷೇತ್ರವನ್ನು ಹೆಸರಿಸುತ್ತದೆ. ಬರೆಸಿದವನು ಜೈನನಾದರೂ ನೆರೆಯವನ ಮನಸ್ಸು ಎಲ್ಲಿ ಬಾಗುತ್ತದೆಂಬುದನ್ನು ಅರಿತಿದ್ದನು.

ಮೃಗಸೇನನ ವ್ರತವನ್ನು ಇಂದು ಕಬ್ಬಿಣದ ಸರಳಿನಲ್ಲಿಯೂ ಕಾಣಬಹುದು. ಸಿಗಡಿ ಹಿಡಿಯುವ ಟ್ರಾಲ್ ಬಲೆಯೊಳಗೆ ಕಡಲಾಮೆ ಸಿಕ್ಕಿಕೊಂಡರೆ ಉಸಿರಿಗಾಗಿ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಆಮೆ ಶ್ವಾಸಕೋಶದಿಂದ ಉಸಿರಾಡುವ ಜೀವಿ. ಇದಕ್ಕಾಗಿ ಬಲೆಯ ನಡುವೆ ಸರಳುಗಳ ಒಂದು ಅಡ್ಡಚೌಕಟ್ಟನ್ನು ಕೂಡಿಸುತ್ತಾರೆ. ಸಿಗಡಿ ಸರಳುಗಳ ಸಂದಿಯಿಂದ ಒಳಗೆ ಸರಿಯುತ್ತದೆ, ಆಮೆ ಸರಳಿಗೆ ತಾಗಿ ಪಕ್ಕದ ಕಂಡಿಯಿಂದ ಕಡಲಿಗೆ ಮರಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಭಾರತದ ಬಲೆಗಳಿಗೆ ಹೊಂದುವಂತೆ ಇದನ್ನು ರೂಪಿಸಿದೆ. ಬಲೆ ಹೆಣೆಯುವವನ ಮಗನಿಗೆ ಇದರ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ಉಪಾಧ್ಯಾಯರಿಗಿಂತ ಅವನಿಗೇ ಬೇಗ ಅರ್ಥವಾದೀತು. ಕುಂದಾಪುರದ ಕೋಡಿಯ ಮರಳಿನಲ್ಲಿ ಕಡಲಾಮೆ ಇಟ್ಟ ಮೊಟ್ಟೆಗಳನ್ನು ಅರಣ್ಯ ಇಲಾಖೆಯೂ ಊರವರೂ ಕಾದು ಮರಿಗಳನ್ನು ಕಡಲಿಗೆ ಬಿಟ್ಟಿರುವುದನ್ನು ಈ ಜಿಲ್ಲೆಯ ಜನ ಕಂಡಿದ್ದಾರೆ. ಮೊಟ್ಟೆಯೊಡೆದ ಮರಿ ಹೊಳೆಯುವ ದಿಕ್ಕನ್ನೇ ಕಡಲೆಂದು ಬಗೆದು ನಡೆಯುತ್ತದೆ. ಕಡಲ ಕರೆಯ ವಿದ್ಯುದ್ದೀಪಗಳು ಅದನ್ನು ದಾರಿ ತಪ್ಪಿಸುತ್ತವೆ. ದೀಪವೊಂದನ್ನು ಆರಿಸುವುದೂ ಜೀವದಯೆ ಎಂದರೆ ಐದನೆಯ ತರಗತಿಯ ಮಗುವಿಗೆ ತಿಳಿಯದ ಮಾತೇನಲ್ಲ.

ಗುಜರಾತಿನ ನಿದರ್ಶನವೂ ಸ್ಮರಣೀಯ. ಸೌರಾಷ್ಟ್ರದ ತೀರದಲ್ಲಿ ತಿಮಿಂಗಿಲ ಶಾರ್ಕ್ ಎಂಬ ಬೃಹತ್ ಮೀನನ್ನು ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂದಿತಾದರೂ ದೋಣಿಯವರ ಮನಸ್ಸನ್ನು ಮುಟ್ಟಿದ್ದು 2004ರಲ್ಲಿ ಕಥಾಕಾರ ಮುರಾರಿ ಬಾಪು ಅವರ ಮಾತು. ಹೆರಿಗೆಗೆ ತವರಿಗೆ ಬಂದ ಮಗಳಂತೆ ಈ ಮೀನನ್ನು ಕಾಣಿರಿ ಎಂದು ಅವರು ಕೇಳಿಕೊಂಡರು. ಮೀನುಗಾರರು ಬೆಲೆಬಾಳುವ ಬಲೆಗಳನ್ನು ತಾವೇ ಕತ್ತರಿಸಿ ಅದನ್ನು ಬಿಡತೊಡಗಿದರು. ಹಾಳಾದ ಬಲೆಗೆ ಅಲ್ಲಿಯ ಸರಕಾರ ಪರಿಹಾರವನ್ನೂ ಕೊಟ್ಟಿತು. ಈ ಕೊನೆಯ ಸಂಗತಿ ಮುಖ್ಯ. ಬಡವನ ಬಲೆಯ ಬೆಲೆಯನ್ನು ಲೆಕ್ಕಿಸದ ಜೀವದಯೆ ಉಪದೇಶವಾಗಿಯೇ ಉಳಿಯುತ್ತದೆ.

ಇನ್ನು ಮನುಷ್ಯರ ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಬರುವ ಐದು ಅತಿಚಾರಗಳನ್ನು ಎಣಿಸುತ್ತದೆ. ಬಂಧವೆಂದರೆ ಜೀವಿಯನ್ನು ಅಲುಗದಂತೆ ಕಟ್ಟುವುದು. ವಧವೆಂದರೆ ಇಲ್ಲಿ ಕೊಲೆಯಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಛೇದವೆಂದರೆ ಕಿವಿ ಮೂಗು ಮೊದಲಾದ ಅಂಗಗಳನ್ನು ಕತ್ತರಿಸುವುದು. ಹೊರಲಾರದಷ್ಟನ್ನು ಹೇರುವುದು ಅತಿಭಾರಾರೋಪಣ. ಹೊತ್ತಿಗೆ ಅನ್ನನೀರು ಕೊಡದಿರುವುದು ಅನ್ನಪಾನನಿರೋಧ. ಭಾರತದ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಅಧಿನಿಯಮದ 11ನೆಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಹೊಡೆಯುವುದು, ಮಿತಿಮೀರಿ ಹೇರುವುದು, ಗಿಡ್ಡ ಸರಪಣಿಯಲ್ಲಿ ಕಟ್ಟಿಹಾಕುವುದು, ಅಂಗಚ್ಛೇದ, ಆಹಾರ ನೀರು ನೆರಳು ಕೊಡದಿರುವುದು, ಎಲ್ಲವೂ ಅಲ್ಲಿ ಅಪರಾಧಗಳೇ. ಅನೇಕ ಶತಮಾನಗಳ ಹಿಂದೆ ಉಮಾಸ್ವಾಮಿಗಳು ವ್ರತದೋಷವೆಂದದ್ದನ್ನು ಗಣರಾಜ್ಯವು ದಂಡನೀಯವೆಂದಿತು. ಇವುಗಳಲ್ಲಿ ಒಂದೂ ಮಗುವಿಗೆ ಅರ್ಥವಾಗದ ಗಹನತತ್ತ್ವವಲ್ಲ. ಗಾಡಿಯೆತ್ತಿನ ಹೆಗಲಿನ ಹುಣ್ಣು, ಗೇಟಿಗೆ ಕಟ್ಟಿದ ನಾಯಿಯ ಮುಂದಿನ ಒಣ ಬಟ್ಟಲು, ಯಾವುದನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈ ಐದು ದೋಷಗಳು ಪಶುಗಳಿಗೆ ಮಾತ್ರ ಸಂಬಂಧಿಸಿದವೆಂದು ತಿಳಿಯುವುದು ತಪ್ಪು. ಆಳುಗಳಿಗೂ ಆಶ್ರಿತರಿಗೂ ಇವು ಅನ್ವಯಿಸುತ್ತವೆ. 2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ, ಮೀನು ಕದ್ದಳೆಂಬ ಆಪಾದನೆಯ ಮೇಲೆ ಕೂಲಿಗೆ ಬಂದ ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆಯಲಾಯಿತು. ಸುತ್ತ ಜನ ನೆರೆದಿದ್ದರು. ಅದರ ಚಿತ್ರೀಕರಣವೂ ನಡೆದು ನಾಡೆಲ್ಲ ನೋಡಿತು. ಪೊಲೀಸರು ಪ್ರಕರಣ ದಾಖಲಿಸಿ ಹಲವರನ್ನು ಬಂಧಿಸಿದರು. ಕಟ್ಟುವುದು, ಹೊಡೆಯುವುದು: ಐದರಲ್ಲಿ ಮೊದಲಿನ ಎರಡು, ಅದೇ ಅನುಕ್ರಮದಲ್ಲಿ. ಈ ಘಟನೆಯನ್ನು ಹಿಡಿದು ಒಂದು ಊರನ್ನೋ ಒಂದು ಸಮುದಾಯವನ್ನೋ ದೂರುವುದು ಅನ್ಯಾಯ. ಅದೇ ಕಡಲಲ್ಲಿ ಮುಳುಗುವವರನ್ನು ಎತ್ತಲು ಪ್ರಾಣದ ಹಂಗು ತೊರೆದು ಹಾರುವವರೂ ಅದೇ ಊರಿನವರು. ವಿಚಾರ ಮಾಡಬೇಕಾದ್ದು ನಿಂತು ನೋಡಿದವರ ವಿಷಯವನ್ನು. ಅವರಲ್ಲಿ ಹೆಚ್ಚಿನವರು ಯಾವುದೋ ಶಾಲೆಯಲ್ಲಿ ಪುಣ್ಯಕೋಟಿಯ ಪಾಠಕ್ಕೆ ಕಣ್ಣೀರು ಹಾಕಿದವರೇ ಇದ್ದಿರಬೇಕು. ಹಸುವಿಗಾಗಿ ಅತ್ತ ಕಣ್ಣು ಕಟ್ಟಿಹಾಕಿದ ಹೆಣ್ಣಿನ ಮುಂದೆ ಒಣಗಿದ್ದು ಹೇಗೆ? ಪಾಠದಲ್ಲಿ ಕಣ್ಣೀರಿತ್ತು, ಆದರೆ ಎದ್ದುನಿಂತು ಬೇಡ ಎನ್ನುವ ಅಭ್ಯಾಸವಿರಲಿಲ್ಲ ಎಂದೇ ಹೇಳಬೇಕಾಗುತ್ತದೆ. ಆಟದ ಬಯಲಿನಲ್ಲಿ ನಾಲ್ವರು ಸೇರಿ ಒಬ್ಬನನ್ನು ಸತಾಯಿಸುವಾಗ ಐದನೆಯವನು ಏನು ಮಾಡುತ್ತಾನೆ ಎಂಬಲ್ಲಿಂದ ಶಾಲೆಯ ಜೀವದಯೆ ಆರಂಭವಾಗತಕ್ಕದ್ದು. ಅದಕ್ಕೆ ಪಠ್ಯಪುಸ್ತಕ ಬೇಡ, ಕಣ್ಣಿಟ್ಟು ನೋಡುವ ಉಪಾಧ್ಯಾಯರು ಬೇಕು.

2018ರ ಡಿಸೆಂಬರದಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಮಂದಿಯೊಡನೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಬಳಿಯ ಕಡಲತಳದಲ್ಲಿ ಅದರ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ನಡುವಣ ತಿಂಗಳುಗಳಲ್ಲಿ ಆ ಮನೆಗಳು ಕಾದ ಬಗೆಯನ್ನು ಕರಾವಳಿ ಮರೆತಿಲ್ಲ. ಮೀನುಗಾರನ ಕಸುಬು ಕೊಲ್ಲುವ ಕಸುಬೆಂದು ಮಾತ್ರ ಬಲ್ಲ ಮಗುವಿಗೆ, ಅದು ಜೀವವನ್ನು ಒತ್ತೆಯಿಡುವ ಕಸುಬೂ ಹೌದೆಂದು ಹೇಳಬೇಕು. ಬಸದಿಗೆ ಬರುವ ಮನೆಗಳ ಮಕ್ಕಳಿಗೆ ಇದನ್ನು ಹೇಳುವುದು ವಿಶೇಷವಾಗಿ ಅವಶ್ಯ.

ಇಲ್ಲಿ ಶ್ರಾವಕರು ತಮ್ಮ ಮನೆಯ ಕಡೆಗೂ ದೃಷ್ಟಿ ಹರಿಸಬೇಕಾಗುತ್ತದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಹಿಂಸೆಯ ಉಪಕರಣಗಳನ್ನು ಒದಗಿಸುವುದನ್ನು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ತಾನು ಬಲೆ ಹಿಡಿಯದೆ ದೋಣಿಗೆ ಸಾಲ ಕೊಟ್ಟು ಬಡ್ಡಿ ಪಡೆದವನಿಗೂ ಜಾಗವನ್ನು ಬಾಡಿಗೆಗಿತ್ತವನಿಗೂ ಬಲೆಯ ಪಾಪ ಅಂಟುವುದಿಲ್ಲವೆನ್ನಲು ಯಾವ ಆಧಾರವೂ ಸಿಗದು. ತುಳುನಾಡಿನ ಕಂಬಳಗಳಿಗೆ ಆಶ್ರಯವಿತ್ತವರಲ್ಲಿ ಜೈನ ಅರಮನೆಗಳೂ ಬೀಡುಗಳೂ ಇದ್ದುವು. ಮೂಲ್ಕಿ ಸೀಮೆಯ ಅರಸು ಕಂಬಳ ಇದಕ್ಕೆ ಪ್ರಸಿದ್ಧ ನಿದರ್ಶನ. ಕಂಬಳಕ್ಕೆ ಅವಕಾಶ ನೀಡಿದ ಕರ್ನಾಟಕದ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಮೇ 18ರಂದು ಎತ್ತಿಹಿಡಿದಿದೆ. ಕೋಣಗಳನ್ನು ಮನೆಮಕ್ಕಳಂತೆ ಸಾಕಿ, ಎಣ್ಣೆ ಹಚ್ಚಿ, ಹುರುಳಿ ಬೇಯಿಸಿ ತಿನ್ನಿಸುವ ಯಜಮಾನರ ಮಮತೆ ಸುಳ್ಳಲ್ಲ. ಕರೆಯಲ್ಲಿ ಬೀಳುವ ಬೆತ್ತದ ಏಟೂ ಸುಳ್ಳಲ್ಲ. ಎರಡನ್ನೂ ಮಗುವಿನ ಮುಂದೆ ಇಟ್ಟು, ಏಟಿಲ್ಲದೆ ಓಡಿಸುವ ಉಪಾಯವೇನೆಂದು ಕೇಳುವುದು ಒಳ್ಳೆಯ ಪಾಠವಾದೀತು.

ಮಧ್ಯಾಹ್ನದ ಊಟದ ಪಂಕ್ತಿಯ ವಿಷಯವೂ ಹೀಗೆಯೇ. 2022ರಿಂದ ರಾಜ್ಯದ ಎಲ್ಲ ಜಿಲ್ಲೆಗಳ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮೊಟ್ಟೆ ಕೊಡುವ ಯೋಜನೆ ಬಂದಾಗ ಜೈನ ಸಮಾಜದಿಂದಲೂ ಆಕ್ಷೇಪಗಳು ಹೊರಟುವು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣಿನ ವ್ಯವಸ್ಥೆಯಾಯಿತು. ಆಕ್ಷೇಪದ ಯುಕ್ತಾಯುಕ್ತತೆ ಏನೇ ಇರಲಿ, ಬಾಳೆಹಣ್ಣು ಹಿಡಿದ ಮಗು ಮೊಟ್ಟೆ ಹಿಡಿದ ಮಗುವಿನ ಪಕ್ಕದಿಂದ ಎದ್ದು ದೂರ ಕುಳಿತರೆ ಅಲ್ಲಿ ಅಹಿಂಸೆಗೆ ಲಾಭವಾಯಿತೆಂದು ಹೇಳಲಾಗದು. ಮೊಟ್ಟೆ ತಿನ್ನುವ ಮಗು ಬಾಳೆಹಣ್ಣಿನವನನ್ನು ಗೇಲಿ ಮಾಡಿದರೂ ಅಷ್ಟೇ. ಅತಿಭಾರಾರೋಪಣದ ಮಾತು ಬಂದಾಗ ಗಾಡಿಯೆತ್ತನ್ನು ನೆನೆಯುವ ಹಿರಿಯರು ಸ್ವಂತ ಮೊಮ್ಮಕ್ಕಳ ಬೆನ್ನಿನ ಪುಸ್ತಕದ ಚೀಲವನ್ನು ಒಮ್ಮೆ ಎತ್ತಿನೋಡುವುದು ಒಳಿತು. ಅದರ ತೂಕಕ್ಕೂ ಸರಕಾರ ಮಿತಿ ಹಾಕಬೇಕಾಗಿ ಬಂದದ್ದು 2019ರಲ್ಲಿ.

ಪರಿಸರದ ವಿಚಾರದಲ್ಲಿ ಸಮಂತಭದ್ರರ ಇನ್ನೊಂದು ಮಾತು, ಪ್ರಮಾದಚರ್ಯೆ, ಶಾಲೆಗೆ ಸಿದ್ಧವಾಗಿ ಒದಗುವಂಥದು. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಪ್ರಮಾದಚರ್ಯೆ. ಇದರಲ್ಲಿ ನಿಷ್ಕಾರಣವಾಗಿ ಎಂಬುದೇ ಜೀವಾಳ. ಬದುಕಲು ಬೇಕಾದ್ದನ್ನು ತೆಗೆದುಕೊಳ್ಳುವವನನ್ನು ಶಾಸ್ತ್ರವು ಹಂಗಿಸುವುದಿಲ್ಲ, ಬೇಡದ್ದನ್ನು ಹಾಳುಮಾಡುವವನನ್ನು ಹಿಡಿದು ನಿಲ್ಲಿಸುತ್ತದೆ. ತಿನ್ನಲು ಬಾರದಷ್ಟು ಚಿಕ್ಕ ಮರಿಮೀನುಗಳನ್ನು ಬಾಚಿ ಮೀನೆಣ್ಣೆ, ಮೀನುಹುಡಿಯ ಕಾರ್ಖಾನೆಗೆ ಸಾಗಿಸುವುದನ್ನು ಹಳೆಯ ಕೈರಂಪಣಿಯ ಮುದುಕರೂ ಒಪ್ಪುವುದಿಲ್ಲ. ನಾಳಿನ ಬಂಗುಡೆ ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ತುಂಡಾದ ನೈಲಾನ್ ಬಲೆಯನ್ನು ಕಡಲಿಗೆಸೆದರೆ ಅದು ಹಿಡಿಯುವವನಿಲ್ಲದೆಯೂ ಮೀನು, ಆಮೆಗಳನ್ನು ಹಿಡಿಯುತ್ತ ವರ್ಷಗಟ್ಟಲೆ ತೇಲುತ್ತದೆ. ಸೈಂಟ್ ಮೇರಿಸ್ ದ್ವೀಪದ ಆ ಅಪೂರ್ವವಾದ ಶಿಲಾಸ್ತಂಭಗಳ ನಡುವೆ ಪ್ರವಾಸಿಗನು ಬಿಟ್ಟುಬಂದ ಪ್ಲಾಸ್ಟಿಕ್ ಬಾಟಲಿಯೂ ಈ ಪ್ರಮಾದದ ಮರಿಯೇ. ನೆಲದ ಮೇಲೆ ನಾಗಬನಗಳ ಪಾಡು ನೋಡಿರಿ. ಮರ, ಬಿಳಲು, ಹುತ್ತಗಳಿಂದ ಕೂಡಿ ಹಕ್ಕಿ ಹಾವುಗಳಿಗೆ ಮನೆಯಾಗಿದ್ದ ಬನಗಳನ್ನು ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ ಜೀರ್ಣೋದ್ಧಾರವೆಂದು ಕರೆಯುವುದು ಹೆಚ್ಚಿದೆ. ನಾಗನಿಗೆ ಕಲ್ಲಿನ ಮನೆ ಸಿಕ್ಕಿತು, ಹಾವಿಗೆ ಇದ್ದ ಮನೆ ಹೋಯಿತು. ಬಸದಿಗಳ ಜೀರ್ಣೋದ್ಧಾರದಲ್ಲಿಯೂ ಅಂಗಳದ ಹಳೆಯ ಮರಗಳನ್ನು ಕುರಿತು ಎರಡು ಬಾರಿ ಯೋಚಿಸಿದರೆ ಲೇಸು.

ದಯೆಗೆ ತಿಳಿವಳಿಕೆಯ ಬೆಂಬಲವೂ ಬೇಕು. ಬಿಸಿಯೂಟದ ಹೊತ್ತಿಗೆ ಶಾಲೆಯ ಗೇಟಿಗೆ ಬರುವ ನಾಯಿಗೆ ಕಲ್ಲು ಹೊಡೆಯಬಾರದೆಂದು ಹೇಳಿದ ಉಪಾಧ್ಯಾಯರು, ಉಣ್ಣುವ ನಾಯಿಯನ್ನೂ ಮರಿಯಿಟ್ಟ ನಾಯಿಯನ್ನೂ ಮುಟ್ಟಬಾರದೆಂದು, ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕೆಂದು ಅದೇ ಉಸಿರಿನಲ್ಲಿ ಹೇಳಬೇಕು. ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದ ಕಥೆಯನ್ನು ಹೇಳಿದರಷ್ಟೇ ಸಾಲದು. ಕಪ್ಪೆಯ ಮಾತೂ ಹೀಗೆಯೇ. ಗದ್ದೆಯ ಕೀಟಗಳನ್ನು ತಿಂದು ಬೆಳೆಯನ್ನು ಕಾಯುವ ಕಪ್ಪೆಯ ಕಾಲುಗಳ ರಫ್ತನ್ನು ಸರಕಾರ ನಿಷೇಧಿಸಿದ್ದು 1987ರಲ್ಲಿ. ಪ್ರಯೋಗಾಲಯದ ಮೇಜಿನಿಂದ ಅದನ್ನು ಬಿಡಿಸಲು ವಿಶ್ವವಿದ್ಯಾನಿಲಯ ಅನುದಾನ ಆಯೋಗಕ್ಕೆ 2014ರವರೆಗೆ ಬೇಕಾಯಿತು. ಪ್ರಾಣಿಶಾಸ್ತ್ರ ಓದಬೇಕೆಂಬ ಆಸೆಯನ್ನು ಈ ಒಂದು ಕಾರಣಕ್ಕಾಗಿಯೇ ಬಿಟ್ಟುಕೊಟ್ಟ ಜೈನ ವಿದ್ಯಾರ್ಥಿಗಳು ಹಳೆಯ ತಲೆಮಾರಿನಲ್ಲಿ ಕೆಲವರಾದರೂ ಇದ್ದಾರು.

ಪಾಠವನ್ನು ಯಾವಾಗ ಆರಂಭಿಸಬೇಕೆಂಬುದಕ್ಕೆ ಮಲ್ಪೆಯ ಪಂಚಾಂಗವೇ ಉತ್ತರ ಕೊಡುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವರಾಶಿಯಿಂದ ತುಂಬುವುದರಿಂದ ಮುನಿಗಳು ಸಂಚಾರವನ್ನು ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಒಂದೆಡೆ ನಿಲ್ಲುತ್ತಾರೆ. ಅದೇ ಮಳೆಗಾಲದಲ್ಲಿ, ಹಲವು ಜಾತಿಯ ಮೀನುಗಳು ಮರಿಮಾಡುವ ಹೊತ್ತೆಂದು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಕಾನೂನು ಬರುವುದಕ್ಕೆ ಮೊದಲೂ ಆಷಾಢದ ಕಡಲಿಗೆ ದೋಣಿಯಿಳಿಸುವ ರೂಢಿ ಇರಲಿಲ್ಲ. ನೂಲಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಆಮೇಲೆ ಇಳಿಯುತ್ತಿದ್ದರು. ಬಸದಿಯ ಮಗುವೂ ಬಂದರಿನ ಮಗುವೂ ಒಂದೇ ಮಳೆಯಲ್ಲಿ ಒಂದೇ ವಿರಾಮವನ್ನು ನೋಡುತ್ತವೆ, ಒಂದಕ್ಕೊಂದು ತಿಳಿಯದೆ. ಶಾಲೆಗಳು ತೆರೆಯುವುದೂ ಆ ದಿನಗಳಲ್ಲಿಯೇ. ದೋಣಿಯ ತಂದೆಯರು ಆಗ ಮನೆಯಲ್ಲಿರುತ್ತಾರೆ, ಜಗಲಿಯಲ್ಲಿ ಕುಳಿತು ಹರಿದ ಬಲೆಗಳನ್ನು ಹೆಣೆಯುತ್ತಿರುತ್ತಾರೆ. ಅವರಲ್ಲಿ ಒಬ್ಬರನ್ನು ಆದರದಿಂದ ಶಾಲೆಗೆ ಕರೆಸಿ, ಯಾವ ಮೀನು ಯಾವಾಗ ಮರಿಮಾಡುತ್ತದೆ, ಬಲೆಯ ಕಣ್ಣು ಎಷ್ಟಿದ್ದರೆ ಮರಿ ತಪ್ಪಿಸಿಕೊಳ್ಳುತ್ತದೆ, ಆಮೆ ಸಿಕ್ಕಿದರೆ ಏನು ಮಾಡುತ್ತೀರಿ ಎಂದು ಮಕ್ಕಳಿಂದಲೇ ಕೇಳಿಸಬಹುದು. ಬಂದವರಿಗೆ ಉಪಾಧ್ಯಾಯರ ಕುರ್ಚಿಯನ್ನೇ ಕೊಡಬೇಕು. ಅವರ ಮಗ ಅದನ್ನು ನೋಡುತ್ತಿರುತ್ತಾನೆ.